ಜಡೆಪ್ಪ ಆರಿಸಿದ ಇಂಜಿನ್

ಗಾಳೆಮ್ಮನ ಘಟ್ಟದಲ್ಲಿ ಜಡೆಪ್ಪನ ದೋಣಿ ಹತ್ತಬೇಕೆಂದರೆ ಮೊದಲು ಅವನ ಬೈಗುಳ ತಿನ್ನಬೇಕಿತ್ತು. “ಏ ಯವ್ವಾ, ಸೆರಗು ನಡಕ್ಕ ಸಿಗಿಸ್ಕೋ! ಏ ಮುದುಕಿ, ನಿಂತ್ಕೊಂಡು ಬರಾಕ ಇದೇನ್ ಕಂಪ್ಲಿ ಬಸ್ಸಾ? ಕುಂದ್ರು ಅಂದ್ರ ಕುಂದ್ರು!” ಬೆಳಗಾಯಿತೆಂದರೆ ಶುರು. ಹಂಪಿಯ ಬಂಡೆಗಳನ್ನು ದಾಟಿ ಹೊಳೆ ಕಂಪ್ಲಿಯ ಕಡೆಗೆ ಹೊರಳುವಲ್ಲಿ ನಡುನೀರಿನಲ್ಲಿ ಒಂದು ಗಡ್ಡಿ ಇದೆ. ಗಡ್ಡಿಯ ತುಂಬ ಬಾಳೆತೋಟ. ಸೇತುವೆ ಇಲ್ಲ, ದೋಣಿಯೇ ಗತಿ. ಬುತ್ತಿ ಹಿಡಿದು ಕೂಲಿಗೆ ಹೋಗುವ ಹೆಣ್ಣುಮಕ್ಕಳು ಜಡೆಪ್ಪನಿಗೆ ತಿರುಗಿ ಬಯ್ಯುತ್ತಿದ್ದರು, ನಗುತ್ತಿದ್ದರು, ಕೊನೆಗೆ ಸೆರಗನ್ನು ಸಿಗಿಸಿಕೊಂಡೇ ಹತ್ತುತ್ತಿದ್ದರು.

ಅವನಿಗೆ ಈ ಸೆರಗಿನ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅವನಪ್ಪ ಹರಗೋಲು ಹಾಕಿದವನು, ಅವನೂ ಇಪ್ಪತ್ತರ ತನಕ ಹರಗೋಲು ಹಾಕಿದ. ಆಮೇಲೆ ಹಲಗೆಯ ದೋಣಿ ಬಂತು, ಅದರ ಬಾಲಕ್ಕೆ ನೇತುಹಾಕುವ ಇಂಜಿನ್ ಬಂತು. ಪೇಟೆಯವರು ಅದನ್ನು ಔಟ್‌ಬೋರ್ಡ್ ಎನ್ನುತ್ತಾರೆ, ಘಟ್ಟದವರಿಗೆ ಅದು ಹಿಂದಿನ ಇಂಜಿನ್. ಹಗ್ಗ ಜಗ್ಗಿ ಚಾಲೂ ಮಾಡಬೇಕು. ಹಗ್ಗ ಕಿತ್ತುಹೋದಾಗಲೆಲ್ಲ ಮೇಲಿನ ಮುಚ್ಚಳ ತೆಗೆದು, ಒಳಗಿನ ಗಾಲಿಗೆ ಬೇರೆ ಹಗ್ಗ ಸುತ್ತಿ ಎಳೆಯಬೇಕು. ದಿನಕ್ಕೆರಡು ಸಲ ತೆಗೆಯುವುದು ಹಾಕುವುದು ಯಾರು ಮಾಡ್ತಾರೆ ಎಂದು ಜಡೆಪ್ಪ ಆ ಮುಚ್ಚಳವನ್ನು ಮನೆಯ ಹಿತ್ತಲಿಗೆ ಒಗೆದಿದ್ದ. ಕೋಳಿಯೊಂದು ಅದರಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿತ್ತು. ಒಂದು ದಿನ ಹೆಂಡತಿ ಹೇಮಾವತಿ ಅವನಿಗೆ ಊಟ ಕೊಡಲೆಂದು ದೋಣಿಯ ಹಿಂದಕ್ಕೆ ಬಾಗಿದಳು. ತಿರುಗುತ್ತಿದ್ದ ಗಾಲಿ ಅವಳ ಸೆರಗನ್ನು ಹಿಡಿಯಿತು, ಸೆರಗಿನ ಜೊತೆ ಕೈಯನ್ನೂ ಎಳೆದುಕೊಂಡಿತು. ಮೂಳೆ ಕೂಡಿತು, ಆದರೆ ಬಲಗೈ ಮೊಣಕೈಯಲ್ಲಿ ಬಾಗಿದ್ದು ಬಾಗಿದಂತೆಯೇ ಉಳಿಯಿತು. ಈಗಲೂ ಅವಳು ಎಡಗೈಯಲ್ಲೇ ರೊಟ್ಟಿ ಬಡಿಯುತ್ತಾಳೆ.

ಅಂದಿನಿಂದ ಜಡೆಪ್ಪನಿಗೆ ಆ ಇಂಜಿನ್ ಎಂದರೆ ಹಾವು ಕಂಡ ಹಾಗೆ. ಹೊಟ್ಟೆಪಾಡು, ಬಿಡುವಂತಿಲ್ಲ. ಅದರ ಮೇಲೆ ಇನ್ನೊಂದು ಸಂಕಟ ಮನೆಯಲ್ಲೇ ಬೆಳೆಯಿತು. ಹೆಂಡತಿಯ ಕೈ ಊನವಾದ ವರ್ಷದಿಂದ ಮಗಳು ದೇವಿಕಾ ಘಟ್ಟಕ್ಕೆ ಬರತೊಡಗಿದಳು. ಆಗ ಹದಿನೈದು, ಈಗ ಇಪ್ಪತ್ನಾಲ್ಕು. ಇರುವುದೊಬ್ಬಳೇ ಮಗಳು. ಅಪ್ಪ ಎದೆಯಲ್ಲಿ ಅವಲಕ್ಕಿ ಕುಟ್ಟಿಸಿಕೊಳ್ಳುತ್ತ ದಾಟುವ ಸುಳಿಯನ್ನು ಅವಳು ಬಾಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ದಾಟುತ್ತಿದ್ದಳು. ಮುಂದೆ ಘಟ್ಟ ಅವಳದೇ ಎಂದು ಊರಿಗೆಲ್ಲ ಗೊತ್ತಿತ್ತು. ಜಡೆಪ್ಪನಿಗೂ ಗೊತ್ತಿತ್ತು, ಹಾಗಾಗಿಯೇ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹೆಂಡತಿಗೆ ಆದದ್ದು ಮಗಳಿಗೆ ಆಗಬಾರದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ, ಬೇರೇನೂ ಇಲ್ಲ.

ಹೋದ ಮಳೆಗಾಲದ ಆರಂಭದಲ್ಲಿ ಆ ಹಳೆಯ ಇಂಜಿನ್ ಕೆಮ್ಮಿ ಕೆಮ್ಮಿ ಸತ್ತಿತು. ದೋಣಿಯ ತಳವೂ ಕೊಳೆತಿತ್ತು. ಗಡ್ಡಿಯ ಬಾಳೆತೋಟದ ಒಡೆಯ ಕೊಟ್ರಯ್ಯ, ಕಂಪ್ಲಿಯಲ್ಲಿ ಅಕ್ಕಿಗಿರಣಿ ಇಟ್ಟವರು, ಜಡೆಪ್ಪನನ್ನು ಗಿರಣಿಗೆ ಕರೆಸಿದರು.

“ಹೊಸಪೇಟೆ ಡ್ಯಾಮಿನ ಹಿನ್ನೀರ ಹತ್ರ ಒಂದು ರೆಸಾರ್ಟ್ ಮುಚ್ಚ್ಯಾರಪ್ಪ. ಅಲ್ಲಿ ಎರಡು ಬೋಟ್ ಅದಾವ. ಒಂದನ್ನ ನಾ ಕೊಡಿಸ್ತೀನಿ, ನಮ್ಮ ಕೂಲಿಯೋರು ದಾಟಬೇಕಲ್ಲ. ಯಾವುದು ಅಂತ ನೀನ ಆರಿಸು. ನೀರಿನ ವಿಷಯ ನನಗೇನ್ ಗೊತ್ತು?”

“ಆಗ್ಲಿ ಸಾವ್ಕಾರ್ರ,” ಎಂದು ಜಡೆಪ್ಪ ಕೈಮುಗಿದ.

ಮಗಳನ್ನೂ, ದೋಣಿಯಲ್ಲಿ ಹುಟ್ಟು ಹಾಕುವ ತಂಗಿಯ ಮಗ ಹುಲಿಗೇಶನನ್ನೂ ಕರೆದುಕೊಂಡು ಹೊಸಪೇಟೆಗೆ ಹೋದ. ತಗಡಿನ ಶೆಡ್ಡಿನಲ್ಲಿ ಎರಡು ದೋಣಿ ನಿಂತಿದ್ದವು. ಒಂದು ಸಾದಾ ದೋಣಿ, ಹಿಂದೆ ನೇತುಹಾಕುವ ಇಂಜಿನ್ನಿನದು. ಇನ್ನೊಂದನ್ನು ನೋಡಿದ ಕೂಡಲೇ ಜಡೆಪ್ಪನ ಕಾಲು ಅಲ್ಲೇ ನಿಂತವು. ಸಂಡೂರಿನ ಗಣಿ ಧಣಿಯೊಬ್ಬರು ಅದಿರಿನ ಕಾಲದಲ್ಲಿ ಶೋಕಿಗೆ ತರಿಸಿ, ಆಮೇಲೆ ರೆಸಾರ್ಟಿಗೆ ಮಾರಿದ ದೋಣಿ ಅದು. ಬೆಳ್ಳಗೆ, ಮೆತ್ತನೆ ಸೀಟು, ಹಿಂದೆ ಹತ್ತಿ ಇಳಿಯಲು ಅಗಲವಾದ ಮೆಟ್ಟಿಲು. ಇಂಜಿನ್ ಎಲ್ಲೂ ಕಾಣಲಿಲ್ಲ.

“ಇಂಜಿನ್ ಎಲ್ಲಿ ಐತ್ರಿ?” ಎಂದು ಕೇಳಿದ.

ದೋಣಿಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ವಿಜಯಕುಮಾರ್ ಹಿಂದಿನ ಮೆತ್ತೆಯ ಕೆಳಗಿನ ದೊಡ್ಡ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದ. “ಇಲ್ಲಿ, ಒಳಗ. ಕಾರಿನ ಇಂಜಿನ್ ಇದ್ದಂಗ. ಹೊರಗ ನೀರಾಗ ಇರೋದು ಕಾಲು ಮತ್ತ ಫ್ಯಾನು ಅಷ್ಟ. ಇದಕ್ಕ ಸ್ಟರ್ನ್‌ಡ್ರೈವ್ ಅಂತಾರ. ಕೀಲಿ ತಿರುವಿದ್ರ ಚಾಲೂ.” ಮುಚ್ಚಳವನ್ನು ಬಿಟ್ಟ. ಅದು ಠಪ್ಪನೆ ಕೂತಿತು.

ಆ ಠಪ್ ಜಡೆಪ್ಪನ ಕಿವಿಗೆ ಸಿಹಿಯಾಗಿ ಬಿತ್ತು. ಒಂಬತ್ತು ವರ್ಷದಿಂದ ಅವನು ಹುಡುಕುತ್ತಿದ್ದದ್ದು ಇದೇ. ತಿರುಗುವುದೆಲ್ಲ ಪೆಟ್ಟಿಗೆಯೊಳಗೆ. ಕೈ ಹೋಗುವಂತಿಲ್ಲ, ಸೆರಗು ಹೋಗುವಂತಿಲ್ಲ.

ದೇವಿಕಾ ಮಾತ್ರ ದೋಣಿಯ ಕೆಳಗೆ ಬಗ್ಗಿ ಆ ಕಾಲನ್ನು ಮುಟ್ಟಿ ನೋಡುತ್ತಿದ್ದಳು. “ಅಪ್ಪಾ, ಇದು ನಮ್ಮ ಹೊಳಿಗೆ ಬ್ಯಾಡ. ಹಿಂದಿನ ಇಂಜಿನ್ ಆದ್ರ ಕಲ್ಲು ಬಂದಲ್ಲಿ ಪೂರಾ ಎತ್ತಿಬಿಡಬಹುದು. ಕೆಟ್ರ ಬಿಚ್ಚಿ ಆಟೋದಾಗ ಹಾಕ್ಕೊಂಡು ಹೊಸಪೇಟಿಗೆ ಬರಬಹುದು. ಡ್ಯಾಮಿನ ನೀರು ಬಿಟ್ರ ಮನಿಗೆ ಹೊತ್ಕೊಂಡು ಹೋಗಬಹುದು. ಇದು ಹೊಟ್ಟಿಯೊಳಗ ಕುಂತೈತಿ. ಇದು ಕೆಟ್ರ ಏನ್ ಮಾಡ್ತೀ, ದೋಣಿನ ತಲಿಮ್ಯಾಲ ಹೊರ್ತೀಯಾ?”

“ನಿಮ್ಮವ್ವನ ಕೈ ನೋಡಿಲ್ಲೇನು ನೀನು?”

“ನೋಡೀನಿ. ಆದ್ರ ಇದಕ್ಕೂ ಫ್ಯಾನು ನೀರಾಗ ಐತಪ್ಪ, ಅದಕ್ಕೂ ನೀರಾಗ ಐತಿ. ಆ ಹಿಂದಿನ ಇಂಜಿನ್ನಿಗೂ ಮುಚ್ಚಳ ಐತಿ ನೋಡು. ಮುಚ್ಚಿಟ್ರ ಅದೂ ಮುಚ್ಚಿದ್ದ.”

“ಸುಮ್ಕಿರು! ಹತ್ತು ಸಲ ಹೊಳಿ ದಾಟಿದ ಕೂಡ್ಲೆ ದೊಡ್ಡಾಕಿ ಆದ್ಯಾ?” ಜಡೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹುಲಿಗೇಶ್ ಬಾಯಿಬಿಡಲು ಹೋದವನು ಮಾಮನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಜಡೆಪ್ಪ ಅಲ್ಲಿಂದಲೇ ಫೋನ್ ಮಾಡಿ ಒಳಗಿನ ಇಂಜಿನ್ನಿನ ದೋಣಿಯೇ ಆಗಲಿ ಎಂದು ಕೊಟ್ರಯ್ಯನವರಿಗೆ ಹೇಳಿಬಿಟ್ಟ.

ದೋಣಿ ತರುವ ದಿನ ಅವನು ಮಗಳನ್ನು ಕರೆದೊಯ್ಯಲಿಲ್ಲ. ಮತ್ತೆ ವಾದ ತೆಗೆಯುತ್ತಾಳೆ, ಪರರ ಮುಂದೆ ಮಾನ ಹೋಗುತ್ತದೆ ಎಂದು ಒಬ್ಬನೇ ಹೋದ. ಲಾರಿಗೆ ಏರಿಸುವ ಮುಂಚೆ ವಿಜಯಕುಮಾರ್ ಅವನನ್ನು ಪೆಟ್ಟಿಗೆಯ ಹತ್ತಿರ ನಿಲ್ಲಿಸಿಕೊಂಡ.

“ನೋಡ್ರಿ ಜಡೆಪ್ಪಣ್ಣ, ಒಂದು ಮಾತು ಪಕ್ಕಾ ನೆನಪಿಟ್ಕೋರಿ. ಇದು ಪೆಟ್ರೋಲ್ ಇಂಜಿನ್ನು, ಮುಚ್ಚಿದ ಪೆಟ್ಟಿಗಿ. ಒಂದು ಹನಿ ಸೋರಿದ್ರೂ ಅದರ ಆವಿ ಹೊರಗ ಹೋಗಲ್ಲ, ತಳದಾಗ ಕುಂದರ್ತದ. ಚಾಲೂ ಮಾಡೋಕಿಂತ ಮೊದಲ ಮುಚ್ಚಳ ತೆಗೀರಿ, ಒಳಗಿನ ಗಾಳಿ ಹೊರಗ ತಳ್ಳೋ ಈ ಸಣ್ಣ ಫ್ಯಾನ್ ಹಾಕ್ರಿ, ಮೂಗು ಇಟ್ಟು ನೋಡ್ರಿ. ಈ ಎರಡು ಗಾಳಿಕಿಂಡಿ ಅದಾವಲ್ಲ, ಇವನ್ನ ಯಾವತ್ತೂ ಮುಚ್ಚಬಾರ್ದು. ಹತ್ರ ಬೀಡಿ ಸೈತ ಹಚ್ಚಬಾರ್ದು. ಹಿಂದ ನೇತಾಡೋ ಇಂಜಿನ್ನಿಗೆ ಈ ಉಸಾಬರಿ ಇಲ್ಲ, ಅದು ಗಾಳಿಗೇ ಇರ್ತದ. ಮನಿಯಾಗ ಎಲ್ಲರಿಗೂ ಹೇಳ್ರಿ.”

“ಹೂಂ, ಹೂಂ,” ಎಂದ ಜಡೆಪ್ಪ.

ಕಿವಿಯಲ್ಲಿ ಬಿತ್ತು, ತಲೆಯೊಳಗೂ ಹೋಯಿತು. ಅರ್ಥವಾಗಲಿಲ್ಲ ಎಂದು ಯಾರೂ ಹೇಳಬೇಡಿ, ಚೆನ್ನಾಗಿ ಅರ್ಥವಾಗಿತ್ತು. ಆದರೆ ಸಂಜೆ ದೋಣಿ ಘಟ್ಟಕ್ಕೆ ಇಳಿದಾಗ ದೇವಿಕಾ ಬಂದು, “ಮೆಕ್ಯಾನಿಕ್ ಏನಾರ ಹೇಳಿದ್ನಾ ಅಪ್ಪಾ?” ಎಂದು ಕೇಳಿದಳು. ಜಡೆಪ್ಪ ಮಗಳ ಮುಖ ನೋಡಿದ. ಹೇಳಿದರೆ, ನೋಡು ನಾ ಅವತ್ತೇ ಬ್ಯಾಡ ಅಂದಿದ್ದೆ ಅನ್ನುತ್ತಾಳೆ.

“ಏನಿಲ್ಲ. ಆರು ತಿಂಗಳಿಗೊಮ್ಮೆ ಎಣ್ಣಿ ಬದಲಿಸಬೇಕಂತ,” ಎಂದ.

ತಾನು ನೋಡಿಕೊಂಡರಾಯಿತು, ಅವಳಿಗೇಕೆ ಎಂದುಕೊಂಡ. ಮೊದಲ ಕೆಲವು ದಿನ ನೋಡಿಕೊಂಡದ್ದೂ ನಿಜ. ಮಗಳು ಬರುವ ಮುಂಚೆಯೇ ಹೋಗಿ ಮುಚ್ಚಳ ಎತ್ತಿ, ಫ್ಯಾನ್ ಹಾಕಿ, ಮೂಸಿ ನೋಡುತ್ತಿದ್ದ. ವಾಸನೆ ಗೀಸನೆ ಏನೂ ಇರಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಫ್ಯಾನಿಗೆ ಬ್ಯಾಟರಿ ಇಳಿಯುತ್ತದೆ ಎಂದು ಅದನ್ನು ಬಿಟ್ಟ. ಆಮೇಲೆ ಮೂಸುವುದನ್ನೂ ಬಿಟ್ಟ.

ಬಾಕಿ ವಿಷಯದಲ್ಲಿ ದೋಣಿ ಮಹಾರಾಣಿಯ ಹಾಗಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಮಂಡಿನೋವಿನ ಮುದುಕಿಯರು ಹಿಂದಿನ ಮೆಟ್ಟಿಲಿನಿಂದ ಆರಾಮವಾಗಿ ಹತ್ತಿದರು. “ಜಡೆಪ್ಪಣ್ಣ, ಭಾಳ ಮಸ್ತ್ ಐತೋ ನಿನ್ನ ಬೋಟು, ಸೀಟಿನ ಮ್ಯಾಲ ನಿದ್ದಿ ಬರ್ತೈತಿ!” ಎಂದರೆ ಜಡೆಪ್ಪ ಮಗಳ ಕಡೆ ಓರೆಗಣ್ಣಿನಲ್ಲಿ ನೋಡಿ ಮೀಸೆ ತೀಡುತ್ತಿದ್ದ. ಸೆರಗಿನ ಬೈಗುಳ ಕೂಡ ಕಡಿಮೆಯಾಯಿತು. ಒಮ್ಮೆ ಇಂಜಿನ್ನಿನ ಕಾಲು ಬಂಡೆಗೆ ತಾಗಿ ಗರ್ ಎಂದಾಗ ದೇವಿಕಾ ಏನೂ ಅನ್ನಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದಳು. ಅಪ್ಪ ನಗುವುದನ್ನು ಅವಳು ಎಷ್ಟೋ ವರ್ಷದ ಮೇಲೆ ಕಾಣುತ್ತಿದ್ದಳು, ಅದಕ್ಕೇ ಹೊಟ್ಟೆಗೆ ಹಾಕಿಕೊಂಡಳು.

ಮಳೆ ಜೋರಾಯಿತು. ಹರಗೋಲಿನ ಕಾಲದಿಂದ ಬಂದ ಅಭ್ಯಾಸ ಒಂದುಂಟು. ಮಳೆ ಬಂದರೆ ಹರಗೋಲು ಕವುಚಬೇಕು, ದೋಣಿಯಾದರೆ ಹೊದಿಸಬೇಕು, ಒಳಗೆ ಒಂದು ಹನಿ ನೀರು ಹೋಗಬಾರದು. ಜಡೆಪ್ಪ ದೊಡ್ಡ ತಾಡಪಾಲು ತಂದು ದೋಣಿಗೆ ಬಿಗಿದ. ಆ ಎರಡು ಕಿಂಡಿಗಳಿಂದ ನೀರು ಒಳಗೆ ಹೋಗುವುದು ಕಂಡು ಜೀವ ತಡೆಯಲಿಲ್ಲ. ಇಷ್ಟು ಚೆಂದದ ಇಂಜಿನ್ ತೊಯ್ದು ಹಾಳಾಗುತ್ತದಲ್ಲ ಎಂದು ಹೆಂಡತಿಯ ಹಳೆಯ ಸೀರೆ ಹರಿದು ಎರಡಕ್ಕೂ ಗಿಡಿದ. ಹಾಗೆ ಗಿಡಿಯುವಾಗ ವಿಜಯಕುಮಾರನ ಮಾತು ನೆನಪಿಗೆ ಬಂತು. ಮಳೆ ನಿಂತ ಮೇಲೆ ತೆಗೆದರಾಯಿತು ಎಂದುಕೊಂಡ, ಮರೆತ.

ಮಹಾನವಮಿ ಅಮಾವಾಸ್ಯೆ ಬಂತು. ಗಾಡಿ, ಟ್ರ್ಯಾಕ್ಟರ್, ಲಾರಿ ಏನೇ ಇರಲಿ, ಈ ಅಮಾವಾಸ್ಯೆಯ ಪೂಜೆ ಮಾಡದೆ ಈ ಸೀಮೆಯಲ್ಲಿ ಯಾರೂ ಚಾಲೂ ಮಾಡುವುದಿಲ್ಲ. ದೋಣಿಗೂ ಅಷ್ಟೇ. ಗಾಳೆಮ್ಮನ ಘಟ್ಟದಲ್ಲಿ ಮನೆಮಗಳು ಇಂಜಿನ್ನಿಗೆ ಕುಂಕುಮ ಹಚ್ಚಿ, ಹೂವೇರಿಸಿ, ಅದರ ಮುಖಕ್ಕೇ ಕರ್ಪೂರ ಬೆಳಗುವುದು ಪದ್ಧತಿ. ಹಳೆಯ ಇಂಜಿನ್ ಬಯಲಿಗೆ ನೇತಾಡುತ್ತಿದ್ದಾಗ ದೇವಿಕಾ ಒಂಬತ್ತು ವರ್ಷ ಹೀಗೇ ಬೆಳಗಿದ್ದಳು. ಹೊಸ ದೋಣಿ ಬಂದ ಮೇಲೆ ಇದೇ ಮೊದಲ ಮಹಾನವಮಿ ಅಮಾವಾಸ್ಯೆ.

ತಲೆಗೆ ಎರೆದುಕೊಂಡು, ಹೊಸ ಸೀರೆ ಉಟ್ಟು ಬಂದಳು. ಹುಲಿಗೇಶ್ ತಾಡಪಾಲು ಬಿಚ್ಚಿದ. ಜಡೆಪ್ಪ ದಂಡೆಯಲ್ಲಿ ತೆಂಗಿನಕಾಯಿಯ ಜುಟ್ಟು ಕೀಳುತ್ತ ಕೂತಿದ್ದ. ಊದಿನಕಡ್ಡಿ, ಲೋಬಾನದ ಹೊಗೆ ಗಮಗಮ ಎನ್ನುತ್ತಿತ್ತು. ಪೆಟ್ರೋಲಿನ ವಾಸನೆ ಇದ್ದರೂ ಘಟ್ಟದವರ ಮೂಗಿಗೆ ಅದು ಹೊಸದಲ್ಲ. ದೇವಿಕಾ ದೋಣಿ ಹತ್ತಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಪೆಟ್ಟಿಗೆಯ ಮುಚ್ಚಳ ಹಿಡಿದಳು.

ಜಡೆಪ್ಪ ತಲೆಯೆತ್ತಿದ. ಅವನಿಗೆ ಆಗ ನೆನಪಾಯಿತು. ಕಿಂಡಿ, ಸೀರೆ, ಮೆಕ್ಯಾನಿಕ್ಕಿನ ಮಾತು, ಎಲ್ಲ ಒಟ್ಟಿಗೇ ನೆನಪಾಯಿತು. “ದೇವೀ, ಬ್ಯಾಡ!” ಎಂದು ಚೀರಿದ.

ಮುಚ್ಚಳ ಅಷ್ಟರಲ್ಲಿ ಎದ್ದಿತ್ತು. ಧಪ್ ಎಂದು ಒಂದೇ ಸದ್ದು. ನೀಲಿ ಬೆಂಕಿ ಪೆಟ್ಟಿಗೆಯಿಂದ ಎದ್ದು, ಮುಚ್ಚಳ ಹಾರಿ, ಹುಡುಗಿ ಹಿಂದಕ್ಕೆ ಚಿಮ್ಮಿ ಹೊಳೆಗೆ ಬಿದ್ದಳು. ನೀರಿಗೆ ಬಿದ್ದದ್ದೇ ಅವಳ ಜೀವ ಉಳಿಸಿತು. ಹುಲಿಗೇಶ್ ಹಾರಿ ಅವಳನ್ನು ಎಳೆದು ತಂದಾಗ ಹುಬ್ಬು ಸುಟ್ಟಿತ್ತು, ಕೆನ್ನೆ ಕೆಂಪಾಗಿತ್ತು, ಎರಡೂ ಕೈ ಬೆರಳಿನಿಂದ ಮೊಣಕೈಯ ತನಕ ಬೆಂದಿದ್ದವು. ಅವಳು ಅಳಲಿಲ್ಲ. ಕೈಗಳನ್ನು ಮುಂದಕ್ಕೆ ಚಾಚಿಕೊಂಡು, “ಅಪ್ಪಾ, ಉರಿ… ಅಪ್ಪಾ, ಉರಿ…” ಎಂದಷ್ಟೇ ಅನ್ನುತ್ತಿದ್ದಳು. ಹಿಂದೆ ದೋಣಿ ಉರಿದು ಕರಕಲಾಗುತ್ತಿತ್ತು, ಯಾರೂ ಆ ಕಡೆ ನೋಡಲಿಲ್ಲ.

ಕಂಪ್ಲಿಯಲ್ಲಿ ಪಟ್ಟಿ ಕಟ್ಟಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಜೀವಕ್ಕೆ ಅಪಾಯವಿಲ್ಲ, ಕೈಯ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಪಟ್ಟಿ ಬಿಚ್ಚುವ ಹೊತ್ತಿನಲ್ಲಿ ಅವಳು ಕೂಗುವುದು ಹೊರಗಿನ ಮೊಗಸಾಲೆಗೆ ಕೇಳುತ್ತಿತ್ತು. ಜಡೆಪ್ಪ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದ. ಮಾತಾಡಿಸಲು ಬಂದ ಬಂಧುಗಳೆಲ್ಲ ಯಾರದೋ ಕಣ್ಣು ಬಿದ್ದಿದೆ, ಅಮಾವಾಸ್ಯೆಯ ಹೊತ್ತು ಸರಿಯಿರಲಿಲ್ಲ ಎಂದರು. ಅವನು ಯಾವುದಕ್ಕೂ ಹೂಂ ಅನ್ನಲಿಲ್ಲ.

ನಾಲ್ಕಾರು ದಿನ ಕಳೆದ ಮೇಲೆ ಕೊಟ್ರಯ್ಯನವರು ಬಂದರು. ಸುಟ್ಟ ದೋಣಿಯನ್ನು ಮೆಕ್ಯಾನಿಕ್ ನೋಡಿದನಂತೆ, ಪೈಪಿನ ಜೋಡಣೆಯೊಂದರಲ್ಲಿ ಹನಿ ಸೋರಿತ್ತಂತೆ. “ಎಲ್ಲಾ ಹೇಳಿದ್ದೆ ಅಂತಾನಪ್ಪ ಅವನು. ಹೌದೇನು?” ಎಂದು ಕೇಳಿದರು. ಜಡೆಪ್ಪ ತಲೆ ಕೆಳಗೆ ಹಾಕಿದ. ಹೇಮಾವತಿ ಪಕ್ಕದಲ್ಲೇ ಇದ್ದಳು. ಸಾಹುಕಾರರು ಹೋಗುವ ತನಕ ತಡೆದುಕೊಂಡಳು.

“ನಿಮಗ ಗೊತ್ತಿತ್ತಾ?”

“ಗೊತ್ತಿತ್ತು.”

“ಮಗಳಿಗೆ ಯಾಕ ಹೇಳಲಿಲ್ಲ?”

ಏನೆಂದು ಹೇಳುತ್ತಾನೆ? ಮಗಳ ಮುಂದೆ ಸೋಲಬಾರದೆಂದೇ?

“ನನ್ನ ಕೈ ಹೋದಾಗ ನಾನು ಒಂದು ಮಾತು ಅಂದೇನೇನ್ರಿ ನಿಮಗ?” ಹೇಮಾವತಿ ಬಾಗಿದ ಕೈಯನ್ನು ಅವನ ಮುಂದೆ ಹಿಡಿದಳು. “ಇಂಜಿನ್ನು ಕೆಟ್ಟದ್ದು, ಇಂಜಿನ್ನು ಕೆಟ್ಟದ್ದು ಅಂತ ಊರಿಗೆಲ್ಲಾ ಹೇಳಿದ್ರಿ, ನಾನೂ ಹೂಂ ಅಂದೆ. ಅದರ ಮುಚ್ಚಳದಾಗ ಕೋಳಿ ಕುಂತಿತ್ತು. ಅದನ್ನ ನಾನು ದಿನಾ ನೋಡ್ತಿದ್ದೆ. ಇರಲಿ, ಗಂಡಸು ನೊಂದಾನ ಅಂತ ಬಾಯಿ ಮುಚ್ಕೊಂಡಿದ್ದೆ. ಈ ಕೂಸಿನ ಕೈಗೆ ನಾನು ಬಾಯಿ ಮುಚ್ಚಂಗಿಲ್ಲ. ಹೋಗ್ರಿ, ನೀವ ಹೇಳ್ರಿ ಆಕಿಗೆ.”

ಅವನು ಹೋದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬ್ಯಾಂಡೇಜಿನ ಎರಡು ಗಂಟುಗಳನ್ನೇ ನೋಡುತ್ತ, ಎಲ್ಲ ಹೇಳಿದ. ಮೆಕ್ಯಾನಿಕ್ ಹೇಳಿದ್ದು, ತಾನು ಮುಚ್ಚಿಟ್ಟದ್ದು, ಸೀರೆಯ ತುಂಡು ಗಿಡಿದದ್ದು. “ನಿನ್ನ ಸಲುವಾಗಿನ ಆರಿಸಿದ್ನೆವ್ವಾ ಅದನ್ನ. ನಿನಗೇನೂ ಆಗಬಾರ್ದು ಅಂತ,” ಎನ್ನುವಾಗ ಮಗುವಿನಂತೆ ಅತ್ತುಬಿಟ್ಟ. ದೇವಿಕಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಕೈ ಉಳಿದವು. ಎಡಗೈ ಚೆನ್ನಾಗಿಯೇ ಕೂಡಿತು. ಬಲಗೈಯ ಬೆರಳುಗಳು ಅರ್ಧ ಮಡಚಿಕೊಂಡು ಗಟ್ಟಿಯಾದವು, ಮುಷ್ಟಿ ಬಿಗಿಯಲು ಬರುತ್ತಿರಲಿಲ್ಲ. ಅವಳು ಮನೆಗೆ ಬರುವ ವೇಳೆಗೆ ಸಂಕ್ರಾಂತಿ ಮುಗಿದಿತ್ತು. ಇನ್ನು ಘಟ್ಟದ ಸುದ್ದಿ ಬೇಡ, ಮನೆಯಲ್ಲಿರಲಿ ಎಂದು ಓಣಿಯವರೆಲ್ಲ ಮಾತಾಡಿಕೊಂಡರು. ದೇವಿಕಾ ಒಂದು ದಿನ ಹುಲಿಗೇಶನ ಬೈಕ್ ಹತ್ತಿ ಗಿರಣಿಗೆ ಹೋಗಿ ಕೊಟ್ರಯ್ಯನವರ ಮುಂದೆ ನಿಂತಳು. ಹೊಸಪೇಟೆಯ ಶೆಡ್ಡಿನಲ್ಲಿ ಉಳಿದಿದ್ದ ಆ ಸಾದಾ ದೋಣಿ ಇನ್ನೂ ಮಾರಾಟವಾಗಿರಲಿಲ್ಲ. ಮುಂದಿನ ವಾರ ಹಿಂದಿನ ಇಂಜಿನ್ನಿನ ದೋಣಿ ಘಟ್ಟಕ್ಕೆ ಬಂತು. ಅಪ್ಪನನ್ನು ಯಾರೂ ಕೇಳಲಿಲ್ಲ.

ಆದರೂ ಮೊದಲ ದಿನ ಜಡೆಪ್ಪ ಬೆಳಕು ಹರಿಯುವ ಮುಂಚೆಯೇ ಘಟ್ಟದಲ್ಲಿದ್ದ. ಇಂಜಿನ್ನಿನ ಮುಚ್ಚಳದ ಕೊಂಡಿ ಕೂತಿದೆಯೇ ಎಂದು ಹತ್ತು ಸಲ ಒತ್ತಿ ನೋಡಿದ. ಪೈಪನ್ನು ಮೂಸಿದ, ಪೆಟ್ರೋಲ್ ಡಬ್ಬಿಯನ್ನು ಮೂಸಿದ, ತನ್ನ ಕೈಯನ್ನೇ ಮೂಸಿದ. ಬೀಡಿ ಸೇದುತ್ತಿದ್ದ ಮುದುಕನೊಬ್ಬನನ್ನು ಅರ್ಧ ಫರ್ಲಾಂಗು ಅಟ್ಟಿಸಿಕೊಂಡು ಹೋದ. ದೇವಿಕಾ ಬಂದಳು. ಹುಲಿಗೇಶ್ ಹಗ್ಗ ಜಗ್ಗಿದ, ಅವಳು ಎಡಗೈಯಲ್ಲಿ ಇಂಜಿನ್ನಿನ ಹಿಡಿಕೆ ಹಿಡಿದು ಕೂತಳು. ಹೆಣ್ಣುಮಕ್ಕಳು ಅವಳ ಗಲ್ಲ ಸವರಿ, ಲಟಿಕೆ ಮುರಿದು ಹತ್ತಿದರು. ಜಡೆಪ್ಪ ಮಗಳಿಗೆ ಒತ್ತಿಕೊಂಡೇ, ಪೆಟ್ರೋಲ್ ಡಬ್ಬಿಯ ಪಕ್ಕದಲ್ಲಿ ಕುಳಿತ.

ದೋಣಿ ಹೊರಟಿತು. ಹೊಳೆ ಇಳಿದಿತ್ತು, ಬಂಡೆಗಳು ಬೆನ್ನು ತೋರಿಸುತ್ತಿದ್ದವು. ದೇವಿಕಾ ಅವುಗಳ ನಡುವಿನ ಓಣಿ ಹಿಡಿದು ನಿಧಾನವಾಗಿ ಹೋಗುತ್ತಿದ್ದಳು. ಸೆಳೆತ ಇರುವ ಜಾಗಕ್ಕೆ ಬಂದಾಗ ಇಂಜಿನ್ ಒಮ್ಮೆ ಕೆಮ್ಮಿತು, ಹಿಂದಿನಿಂದ ಪೆಟ್ರೋಲಿನ ವಾಸನೆ ತೇಲಿ ಬಂತು. ಎಲ್ಲ ಹಿಂದಿನ ಇಂಜಿನ್ನಿಗೂ ಬರುವಂಥದೇ, ಗಾಳಿಗೆ ಬಂತು, ಗಾಳಿಗೆ ಹೋಯಿತು. ಜಡೆಪ್ಪ ಮಾತ್ರ “ಬೆಂಕೀ! ಬೆಂಕಿ ಹತ್ತತೈತಿ!” ಎಂದು ಚೀರಿ ಎದ್ದು, ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ಪೈಪನ್ನು ಹಿಡಿದು ಕಿತ್ತೇಬಿಟ್ಟ.

ಇಂಜಿನ್ ಎರಡು ಸಲ ಉಸಿರೆಳೆದು ನಿಂತಿತು. ಸೆಳೆತ ದೋಣಿಯನ್ನು ಅಡ್ಡಕ್ಕೆ ತಿರುವಿ ಬಂಡೆಯ ಕಡೆಗೆ ಎಳೆಯಿತು. ಬೆಂಕಿ ಎಂಬ ಮಾತಿಗೆ ಹೆಣ್ಣುಮಕ್ಕಳು ಗಾಬರಿಯಾಗಿ ಒಂದೇ ಮಗ್ಗುಲಿಗೆ ನುಗ್ಗಿದರು, ದೋಣಿ ವಾಲಿ ನೀರು ಒಳಗೆ ಬಂತು. “ಕುಂದ್ರಿ! ಯಾರೂ ಏಳಬ್ಯಾಡ್ರಿ, ಕುಂದ್ರಿ!” ದೇವಿಕಾಳ ಧ್ವನಿಗೆ ಎಲ್ಲರೂ ಕುಸಿದು ಕುಳಿತರು. “ಹುಲಿಗೇಶ, ಹುಟ್ಟು! ಎಡಕ್ಕ ಹಾಕು, ಎಡಕ್ಕ!” ಎನ್ನುತ್ತ ಅವಳು ಎಡಗೈಯಲ್ಲಿ ಇಂಜಿನ್ನನ್ನು ನೀರಿನಿಂದ ಮೇಲಕ್ಕೆತ್ತಿ, ಆ ಮಡಚಿದ ಬಲಗೈಯನ್ನೇ ಬಂಡೆಗೆ ಕೊಟ್ಟು ದೋಣಿಯನ್ನು ಆಚೆ ನೂಕಿದಳು. ದೋಣಿ ಬಂಡೆಯನ್ನು ಸವರಿಕೊಂಡು ತಿಳಿನೀರಿಗೆ ಬಂತು. ಅವಳ ಹೊಸ ಚರ್ಮ ಸುಲಿದು ಸೀರೆಯ ಮೇಲೆ ರಕ್ತ ಇಳಿಯುತ್ತಿತ್ತು.

ಹುಲಿಗೇಶ್ ಪೈಪ್ ಸಿಗಿಸಿದ, ಹಗ್ಗ ಜಗ್ಗಿದ. ಹೆಣ್ಣುಮಕ್ಕಳನ್ನು ಗಡ್ಡಿಗೆ ಇಳಿಸಿ ದೋಣಿ ಈಚೆ ದಡಕ್ಕೆ ತಿರುಗಿತು. ಜಡೆಪ್ಪ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ಘಟ್ಟದಲ್ಲಿ ಎರಡನೆಯ ಗುಂಪು ಕಾಯುತ್ತಿತ್ತು. ದೋಣಿ ಮರಳಿಗೆ ತಾಗಿತು. ದೇವಿಕಾ ಸೆರಗಿನ ಚುಂಗನ್ನು ಬಲಗೈಗೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿಕೊಂಡಳು.

“ಅಪ್ಪಾ, ನೀನು ಇಳಿ,” ಎಂದಳು.

“ದೇವೀ… ಇನ್ನ ಹಂಗ ಮಾಡಂಗಿಲ್ಲ. ಸುಮ್ನ ಒಂದು ಮೂಲ್ಯಾಗ ಕುಂದರ್ತೀನಿ. ನಿನಗೇನಾರ ಆದ್ರ ಅಂತ…”

“ನನಗ ಹೊಳಿ ಅಂದ್ರ ಹೆದರಿಕಿ ಇಲ್ಲ. ಇಂಜಿನ್ ಅಂದ್ರೂ ಇಲ್ಲ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕಣ್ಣಲ್ಲಿ ನೀರು ತುಂಬಿತ್ತು. “ನೀನು ದೋಣ್ಯಾಗ ಇದ್ರ ಹೆದರಿಕಿ ಆಗತೈತಪ್ಪ. ನಿನಗ ಕೈ ಮುಗಿತೀನಿ, ಇಳಿ.”

ಜಡೆಪ್ಪ ಮಗಳ ಮುಖ ನೋಡಿದ, ಹುಲಿಗೇಶನ ಮುಖ ನೋಡಿದ. ಹುಲಿಗೇಶ್ ನೀರಿನ ಕಡೆಗೆ ನೋಡುತ್ತಿದ್ದ. ಜಡೆಪ್ಪ ಪಂಚೆ ಮೇಲೆ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೆ ಇಳಿದ. ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಅವನನ್ನು ಸರಿಸಿಕೊಂಡು ದೋಣಿ ಹತ್ತಿದರು. ಅವನು ಕೂತಿದ್ದ ಜಾಗದಲ್ಲಿ ಒಬ್ಬಾಕೆ ಬುತ್ತಿಗಂಟು ಇಟ್ಟುಕೊಂಡು ಕುಳಿತಳು.